ಅಧ್ಯಕ್ಷರನ್ನು ಕೊಳದಿಂದ ಎತ್ತಿದ ವಾಕ್ಯ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇರಲಿ ಬಿಡಿ. ಕಾಲೇಜಿಗೆ ಆಗಷ್ಟೇ ಕಾಲಿಟ್ಟ ಹುಡುಗ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿಸುತ್ತಲೇ ಕೂದಲು ಹಣ್ಣಾದವಳು ನಾನು, ನನ್ನ ಕೋಪ ಇನ್ನೆಲ್ಲಿರಬೇಕು, ಪಾದದಲ್ಲೇ? "ಇಂದಿನ ಆಧುನಿಕ ಜಗತ್ತಿನಲ್ಲಿ" ಎಂದು ಶುರುವಾಗುವ ಪ್ರಬಂಧಗಳ ಒಂದು ಕಂತೆಯನ್ನು ಮೊದಲಿಂದ ಕೊನೆಯವರೆಗೆ ಓದಿ ನೋಡಿ, ಆಮೇಲೆ ಬಂದು ನನಗೆ ತಾಳ್ಮೆಯ ಪಾಠ ಹೇಳಿ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಹುಡುಗರು ಯೋಜನೆ ಸಾಹೇಬರು ಎಂದು ಹೆಸರಿಟ್ಟಿದ್ದಾರೆ. ಸರಿಯಾಗಿಯೇ ಇಟ್ಟಿದ್ದಾರೆ. ಅವರು ಯಾವುದಾದರೂ ಕಾರ್ಯಾಗಾರಕ್ಕೆ ಹೋಗಿ ಬಂದರೆಂದರೆ ನಮಗೆಲ್ಲ ಜ್ವರ ಬಂದ ಹಾಗೆ. ಆ ಸಲವೂ ಬಂದವರೇ ನನ್ನನ್ನು ಕೋಣೆಗೆ ಕರೆದರು.

"ಮೇಡಂ, ಇನ್ನು ಮೇಲೆ ನಿಮ್ಮ ಬರವಣಿಗೆ ತರಗತಿ ವರ್ಚುವಲ್ ಲೋಕದಲ್ಲಿ ನಡೆಯುತ್ತೆ. ಕಂಪ್ಯೂಟರಿನೊಳಗೇ ಒಂದು ಕಾಲೇಜು! ಎಲ್ಲರೂ ಅವರವರ ಮನೇಲಿ ಕೂತಿರ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಗೊಂಬೆ. ಗೊಂಬೆಗಳೆಲ್ಲ ಒಂದೇ ಅಂಗಳದಲ್ಲಿ ಓಡಾಡ್ತವೆ, ಮಾತಾಡ್ತವೆ, ಕಲೀತವೆ."

"ಸರ್, ನಮ್ಮ ನಿಜವಾದ ಕೊಠಡೀಲಿ ಫ್ಯಾನು ತಿರುಗ್ತಾ ಇಲ್ಲ."

"ಅಲ್ಲಿ ಫ್ಯಾನೇ ಬೇಡ ಮೇಡಂ. ಅಲ್ಲಿ ಸೆಕೆಯೇ ಇಲ್ಲ."

ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಅಷ್ಟರಲ್ಲಿ ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. ಸೆಮಿಸ್ಟರಿನ ಕೊನೆಗೆ ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಬರುತ್ತದಂತೆ. ಪ್ರಬಂಧ ಬರೆಯುವುದಕ್ಕೂ ಯಂತ್ರ, ತಿದ್ದುವುದಕ್ಕೂ ಯಂತ್ರ ಬಂದಿರುವಾಗ ಬರವಣಿಗೆಗೆಂದು ಒಂದು ತರಗತಿ, ಅದಕ್ಕೊಬ್ಬರು ಮೇಡಂ ಯಾಕೆ ಎಂದು ಮೇಲಿನವರು ಕೇಳುತ್ತಿದ್ದಾರಂತೆ. ಸಮಿತಿ ಮೆಚ್ಚಿದರೆ ತರಗತಿ ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಮುಚ್ಚಿ ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕುತ್ತಾರೆ.

ಪರೀಕ್ಷಾ ವಿಭಾಗ ಎಂದರೆ ನೆಲಮಾಳಿಗೆ. ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟಿ, ದಾರ ಬಿಗಿದು, ಮೇಲೆ ಅರಗಿನ ಮುದ್ರೆ ಒತ್ತುವುದು ಅಲ್ಲಿನ ಕೆಲಸ. ಕಿಟಕಿ ಇಲ್ಲ, ಮಾತಿಗೆ ಜನ ಇಲ್ಲ. ನಾನು ಹುಡುಗರಿಗೆ ಎಷ್ಟೇ ಬೈಯಲಿ, ವರ್ಷಕ್ಕೊಬ್ಬ ಹುಡುಗನೋ ಹುಡುಗಿಯೋ ಇದ್ದಕ್ಕಿದ್ದಂತೆ ಒಂದು ನೆಟ್ಟಗಿನ ವಾಕ್ಯ ಬರೆದು, ಇದನ್ನು ಬರೆದದ್ದು ತಾನೇನಾ ಎಂದು ಬೆರಗಾಗಿ ನೋಡುವುದಿದೆಯಲ್ಲ, ಆ ಮುಖ ನೋಡುವುದಕ್ಕೇ ನಾನು ಬದುಕಿರುವುದು. ಅದನ್ನು ಬಿಟ್ಟು ದಾರ ಬಿಗಿಯುತ್ತ ಕೂರಲು ನನ್ನಿಂದಾಗದು. ಸರಿ ಸರ್, ಗೊಂಬೆಯಾದರೆ ಗೊಂಬೆ ಎಂದು ಒಪ್ಪಿಕೊಂಡೆ.

ಕಾಲೇಜಿನ ಕಂಪ್ಯೂಟರುಗಳಿಗೆ ಆ ಲೋಕವನ್ನು ಹೊರುವ ಶಕ್ತಿ ಇರಲಿಲ್ಲ. ಆದ್ದರಿಂದ ಮನೆಯ ಊಟದ ಮೇಜೇ ನನ್ನ ತರಗತಿಯಾಯಿತು. ನಮ್ಮ ಯಜಮಾನರು ಬೆಳಿಗ್ಗೆ ತಮ್ಮ ಕನ್ನಡಕದ ಅಂಗಡಿಗೆ ಹೊರಟರೆಂದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಅವರ ತಾಯಿ. ಅತ್ತೆ ಮೊದಲ ದಿನವೇ ಬಟಾಣಿ ಬಿಡಿಸುವ ನೆಪ ಮಾಡಿಕೊಂಡು ಬಟ್ಟಲಿನ ಸಮೇತ ನನ್ನ ಪಕ್ಕದ ಕುರ್ಚಿ ಹಿಡಿದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಕಣ್ಣಿಗೆ ಬೀಳದ ವಸ್ತು ಈ ಪ್ರಪಂಚದಲ್ಲಿ ಇಲ್ಲ. ಪರದೆಯ ಮೇಲೆ ನನ್ನ ಗೊಂಬೆ ಮೂಡಿತು. ನೀಲಿ ಕೂದಲು, ತುಂಡು ಚಡ್ಡಿ.

"ಅಯ್ಯೋ, ಇದು ನೀನೇನೇ? ಮಂಡಿ ಕಾಣ್ತಾ ಇದೆಯಲ್ಲೇ!" ಎಂದು ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದರು. "ಆದ್ರೂ ಸೊಂಟ ನೋಡು. ಮದುವೆ ಹೊಸದರಲ್ಲೂ ನಿನಗೆ ಇಷ್ಟು ಸಣ್ಣ ಸೊಂಟ ಇರ್ಲಿಲ್ಲ."

ಆ ಗೊಂಬೆಗೆ ಒಂದು ಉದ್ದನೆಯ ಕೋಟು ತೊಡಿಸುವುದರಲ್ಲೇ ಮೊದಲ ತರಗತಿ ಮುಗಿಯಿತು. ಎರಡನೆಯ ತರಗತಿಯಲ್ಲಿ ನಾನು ಗಂಭೀರವಾಗಿ ನಡೆದು ಹೋಗಿ ಖಾಲಿ ಕುರ್ಚಿಯ ಮೇಲೆ ಕೂತೆ. ಕುರ್ಚಿ ಮಾತಾಡಿತು.

"ಮೇಡಂ, ಪ್ರೆಸೆಂಟ್."

"ಯಾರದು?"

"ನಾನೇ ಮೇಡಂ, ಹಿಂದಿನ ಬೆಂಚಿನವನು. ಮನುಷ್ಯರ ಗೊಂಬೆ ನಮ್ಮನೆ ಕಂಪ್ಯೂಟರಿಗೆ ಭಾರ ಆಗುತ್ತೆ. ಕುರ್ಚಿ ಆದ್ರೆ ಹಗುರ. ನೀವು ಕೂತ್ಕೊಳ್ಳಿ, ಪರವಾಗಿಲ್ಲ."

ಅಂದಿನಿಂದ ಅವನು ಎಲ್ಲರ ಬಾಯಲ್ಲೂ ಕುರ್ಚಿಯಾದ. ಇನ್ನೊಬ್ಬಳು ಹಳದಿ ಬಾತುಕೋಳಿಯಾಗಿ ಬಂದಿದ್ದಳು, ಕಾರಣ ಕೇಳಿದರೆ "ಮುದ್ದಾಗಿದೆ ಮೇಡಂ" ಅಂದಳು. ಮುಂದಿನ ಸಾಲಿನಲ್ಲಿ ಕರಿ ಕೋಟು ಹಾಕಿಕೊಂಡು ಬಂದವನಿಗೆ ಘನವೆತ್ತ ಎಂದು ಹೆಸರು ಬಿದ್ದಿತ್ತು. ಅವನು ಬೆಕ್ಕಿನ ಬಗ್ಗೆ ಬರೆದರೂ ರಾಜ್ಯಭಾರದ ಬಗ್ಗೆ ಬರೆದ ಹಾಗೆ ಬರೆಯುತ್ತಿದ್ದ. ಎಲ್ಲರೂ ಕೂತಿದ್ದಾರಲ್ಲ ಎಂದು ನಾನು ಅರ್ಧ ತಾಸು ಪಾಠ ಮಾಡಿದೆ. ಆಮೇಲೆ ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಗೊಂಬೆಗಳನ್ನು ಕೂರಿಸಿ ಅರ್ಧಕ್ಕರ್ಧ ಮಂದಿ ತಿಂಡಿಗೆ ಎದ್ದು ಹೋಗಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದವರು ಅತ್ತೆ ಒಬ್ಬರೇ.

ಸಿಟ್ಟು ಬಂದು ಕೀಲಿಮಣೆಯ ಮೇಲೆ ಅಂಗೈ ಅಪ್ಪಳಿಸಿದೆ. ಯಾವ ಕೀಲಿ ಒತ್ತಿತೋ ದೇವರೇ ಬಲ್ಲ, ನನ್ನ ಗೊಂಬೆ ಭರ್ರನೆ ಹಾರಿ ಗ್ರಂಥಾಲಯದ ತಾರಸಿಯ ಮೇಲೆ ಹೋಗಿ ನಿಂತಿತು.

ಆ ಲೋಕದಲ್ಲಿ ಒಂದು ನಿಯಮವಿದೆ. ಹತ್ತಿರ ಇರುವವರ ದನಿ ಮಾತ್ರ ಕೇಳುತ್ತದೆ. ದೂರ ಹೋದರೆ, ಅಥವಾ ನೀರಿಗೆ ಬಿದ್ದರೆ, ಕಿವಿ ಮುಚ್ಚಿಹೋಗುತ್ತದೆ. ಆಗ ಬರೆದದ್ದು ಮಾತ್ರ ಪರದೆಯ ಮೇಲೆ ಕಾಣುತ್ತದೆ. ಕೆಳಗೆ ಉಳಿದಿದ್ದ ಗೊಂಬೆಗಳು ಬಾಯಿ ಬಡಿಯುತ್ತಿದ್ದವು, ನನಗೆ ಒಂದಕ್ಷರ ಕೇಳಲಿಲ್ಲ. "ಇಳಿಯುವುದು ಹೇಗೆ? ಬರೆಯಿರಿ!" ಎಂದು ನಾನು ಬರೆದೆ. ಬರೆದದ್ದೆಲ್ಲ ಇಂಗ್ಲಿಷಿನಲ್ಲೇ, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲು ಬರೆದವನು ಘನವೆತ್ತ. "ಗೌರವಾನ್ವಿತರಾದ ತಾವು ಪ್ರಸ್ತುತ ಸನ್ನಿವೇಶವನ್ನು ಅವಲೋಕಿಸಿ, ಮುಂದಕ್ಕೆ ಸಾಗಿ, ಸೂಕ್ತ ಮಾರ್ಗದಲ್ಲಿ ಕೆಳಗಿಳಿಯಬೇಕಾಗಿ ವಿನಂತಿ."

ಹೌದಾ ಮಗನೇ, ಹಾಗೇ ಆಗಲಿ ಎಂದುಕೊಂಡು ಮುಂದಕ್ಕೆ ಸಾಗಿದೆ. ತಾರಸಿ ಮುಗಿಯಿತು. ಗ್ರಂಥಾಲಯದ ಮುಂದೆ ಒಂದು ಕೊಳ. ಧುಡುಂ!

ಅತ್ತೆ ಬಟಾಣಿ ಬಟ್ಟಲು ಬಿಟ್ಟು ಎದ್ದು ನಿಂತರು. "ಈಜು ಬರುತ್ತೇನೇ ನಿನಗೆ?"

ಬರುತ್ತಿರಲಿಲ್ಲ. ನೀರಿನಲ್ಲಿ ತುಂಬ ಹೊತ್ತು ಉಳಿದರೆ ಆ ಲೋಕ ಗೊಂಬೆಯನ್ನು ಕತ್ತು ಹಿಡಿದು ಹೊರಗೆ ದಬ್ಬುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ. ಮತ್ತೆ ಒಳಗೆ ಬಂದೆ, ಬೇಕೆಂದೇ ಅಂಗೈ ಅಪ್ಪಳಿಸಿ ಮತ್ತೆ ತಾರಸಿಗೆ ಹಾರಿದೆ. ಈ ಸಲ ಬಾತುಕೋಳಿ "ಎಡಕ್ಕೆ ತಿರುಗಿ" ಎಂದು ಬರೆದಳು. ಯಾರ ಎಡಕ್ಕೆ? ಅವಳು ನನ್ನ ಎದುರಿಗಿದ್ದಳು. ನಾನು ನನ್ನ ಎಡಕ್ಕೆ ತಿರುಗಿದೆ. ಧುಡುಂ! ಕುರ್ಚಿ "ಮೆಟ್ಟಿಲಿದೆ ಮೇಡಂ" ಎಂದು ಬರೆದ, ಎಲ್ಲಿದೆ ಎಂದು ಬರೆಯಲಿಲ್ಲ. ಧುಡುಂ! ಅಷ್ಟು ಹೊತ್ತಿಗೆ ತಿಂಡಿಗೆ ಹೋದವರೆಲ್ಲ ವಾಪಸ್ಸು ಓಡಿಬಂದಿದ್ದರು. ಮೇಡಂ ನೀರಿಗೆ ಬೀಳುವುದನ್ನು ನೋಡುವ ಭಾಗ್ಯವನ್ನು ಯಾರು ತಾನೇ ಬಿಡುತ್ತಾರೆ?

"ನೀವು ಬರೆದದ್ದನ್ನೇ ಮಾಡುತ್ತೇನೆ. ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನಲ್ಲ" ಎಂದು ಬರೆದೆ.

ತರಗತಿ ಮುಗಿಯುವ ಹೊತ್ತಿಗೆ ಕುರ್ಚಿ ಯೋಚಿಸಿ ಯೋಚಿಸಿ ಬರೆದ. "ಬೆನ್ನು ಕೊಳದ ಕಡೆ ಮಾಡಿ. ನಾಲ್ಕು ಹೆಜ್ಜೆ ನಡೆಯಿರಿ. ಹಸಿರು ಬಾಗಿಲು ಕಾಣುತ್ತದೆ. ಅದನ್ನು ತಳ್ಳಿ." ತಳ್ಳಿದೆ, ಮೆಟ್ಟಿಲು ಸಿಕ್ಕಿತು, ಇಳಿದು ಬಂದೆ. ಹುಡುಗರು ಹೋ ಎಂದು ಕೂಗಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಷ್ಟೋ ವರ್ಷ ಕೆಂಪು ಶಾಯಿಯಲ್ಲಿ "ಸ್ಪಷ್ಟವಾಗಿಲ್ಲ" ಎಂದು ಬರೆದು ಬರೆದು ಕೈ ಸೋತಿತ್ತು. ಈ ದರಿದ್ರ ಕೊಳ ಅದನ್ನು ಒಂದೇ ಬೆಳಿಗ್ಗೆಯಲ್ಲಿ ಹೇಳಿಬಿಟ್ಟಿತು.

ಅಲ್ಲಿಂದ ಮುಂದೆ ನಮ್ಮ ಪಾಠವೇ ಅದಾಯಿತು. ಪ್ರತಿ ತರಗತಿಗೂ ಒಬ್ಬರು ತಾರಸಿಗೆ ಹೋಗುವುದು, ಉಳಿದವರು ಬರೆದು ಇಳಿಸುವುದು. ಆಮೇಲೆ ತಾರಸಿ ಬಿಟ್ಟು ಕೊಳದಿಂದಲೇ ಎತ್ತುವುದು. ವಾಕ್ಯ ಕೆಟ್ಟರೆ ಗೆಳೆಯ ಮುಳುಗುತ್ತಾನೆ, ಅಷ್ಟೇ. ಘನವೆತ್ತನಿಗೆ ಮಾತ್ರ ಗೌರವಾನ್ವಿತ ಎಂಬ ಪದ ಬಿಡುವುದು ಹಲ್ಲು ಕೀಳಿಸಿದಷ್ಟು ಕಷ್ಟವಾಯಿತು. ಅವನಿಂದಾಗಿ ಬಾತುಕೋಳಿ ಎಷ್ಟು ಸಲ ಮುಳುಗಿದಳೆಂದರೆ, "ನಿನ್ನ ಗೌರವ ನಿನ್ನ ಹತ್ರಾನೇ ಇಟ್ಕೊಳ್ಳೋ, ನನ್ನ ಮೊದ್ಲು ಮೇಲಕ್ಕೆತ್ತು" ಎಂದು ಅವಳೇ ಒಂದು ದಿನ ಗದರಿದಳು. ಆಮೇಲೆ ದಾರಿಗೆ ಬಂದ. ನಾನು ಎಷ್ಟು ಸಲ ಬಿದ್ದಿದ್ದೆನೆಂದರೆ ಆ ಕೊಳದ ತಳ ನನಗೆ ನಮ್ಮ ಮನೆ ಅಡುಗೆಕೋಣೆಗಿಂತ ಚೆನ್ನಾಗಿ ಗೊತ್ತಿತ್ತು.

ಯೋಜನೆ ಸಾಹೇಬರಿಗೆ ವಿಷಯ ತಿಳಿದು ಅವರ ಮುಖ ಹುಳ್ಳಗಾಯಿತು. "ಸಮಿತಿ ಮುಂದೆ ಈ ಬೀಳೋದು ಏಳೋದು ಎಲ್ಲ ಬೇಡ ಮೇಡಂ. ಬರವಣಿಗೆಯ ಮಹತ್ವ ಅಂತ ಒಂದು ಭಾಷಣ ಮಾಡಿ. ಹುಡುಗರು ಸುಮ್ಮನೆ ಕೂತಿರ್ಲಿ. ಅಧ್ಯಕ್ಷರು ಬಹಳ ದೊಡ್ಡವರು. ಒಬ್ಬರೂ ತುಟಿ ಬಿಚ್ಚಬಾರದು, ಒಂದಕ್ಷರ ಬರೀಬಾರದು."

ನನಗೆ ಮೈಯೆಲ್ಲ ಉರಿಯಿತು. ಆದರೆ ನೆಲಮಾಳಿಗೆ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿಕೊಂಡೆ.

ಸಮಿತಿ ಬರುವ ದಿನ ಗೊಂಬೆಗಳೆಲ್ಲ ಸಾಲಾಗಿ ಕೂತವು. ಬಾತುಕೋಳಿಗೂ ಒಂದು ಟೈ ಕಟ್ಟಿಸಿದ್ದರು ಸಾಹೇಬರು. ಅಧ್ಯಕ್ಷರು ತಮ್ಮ ಮನೆಯ ಓದುವ ಕೋಣೆಯಿಂದ, ಇಬ್ಬರು ಸದಸ್ಯರು ಅವರವರ ಮನೆಗಳಿಂದ ಬರುವವರಿದ್ದರು. ಅಧ್ಯಕ್ಷರಿಗೆಂದು ಸಾಹೇಬರು ಎಲ್ಲರಿಗಿಂತ ಒಂದು ಮೊಳ ಎತ್ತರದ, ಬೂದು ಸೂಟಿನ ಗೊಂಬೆ ಮಾಡಿಸಿದ್ದರು. ಗ್ರಂಥಾಲಯದ ಬಾಗಿಲಲ್ಲಿ ಆ ಗೊಂಬೆ ಮೂಡಿತು. ಅದರ ಹಿಂದೆ ಸದಸ್ಯರ ಎರಡು ಗೊಂಬೆಗಳು.

"ಬಹಳ ಚೆನ್ನಾಗಿದೆ" ಎಂದರು ಅಧ್ಯಕ್ಷರು.

"ಹೌದು ಹೌದು" ಎಂದರು ಸದಸ್ಯರು.

"ದಯಮಾಡಿಸಬೇಕು ಸರ್, ದಯಮಾಡಿಸಬೇಕು" ಎನ್ನುತ್ತ ಸಾಹೇಬರ ಗೊಂಬೆ ಬಗ್ಗಿ ಬಗ್ಗಿ ಹಿಂದಕ್ಕೆ ನಡೆಯಿತು. ಅಧ್ಯಕ್ಷರು ಮುಂದಕ್ಕೆ ದಯಮಾಡಿಸಿದರು. ಅವರಿಗೆ ಗೊಂಬೆಯನ್ನು ನಡೆಸಲು ಬರುತ್ತಿತ್ತೇ ಹೊರತು ನಿಲ್ಲಿಸುವುದು ತೋಚುತ್ತಿರಲಿಲ್ಲ. ಸಾಹೇಬರು ಪಕ್ಕಕ್ಕೆ ಸರಿದರು. ಬೂದು ಸೂಟು ನೇರವಾಗಿ ಹೋಗಿ ಕೊಳಕ್ಕೆ ಇಳಿಯಿತು. ಧುಡುಂ!

ಕೊಳದೊಳಗಿನಿಂದ ಒಂದು ಬರಹ ಮೇಲೆ ಬಂತು. "ಎಲ್ಲ ಹಸಿರಾಗಿದೆ. ನಾನು ಎಲ್ಲಿದ್ದೇನೆ?"

ಸಾಹೇಬರು ಬರೆದರು. "ಪರಮ ಗೌರವಾನ್ವಿತ ಅಧ್ಯಕ್ಷರೇ, ತಮಗೆ ಉಂಟಾದ ಅನಾನುಕೂಲತೆಗಾಗಿ ಇಡೀ ವಿಭಾಗದ ಪರವಾಗಿ ವಿಷಾದ ವ್ಯಕ್ತಪಡಿಸುತ್ತ, ತಾವು ಕೃಪೆಯಿಟ್ಟು ಮೇಲೇರುವ ಬಗ್ಗೆ ಪರಿಶೀಲಿಸಬೇಕಾಗಿ ಪ್ರಾರ್ಥನೆ." ಅಧ್ಯಕ್ಷರು ಅದನ್ನು ಓದುತ್ತಲೇ ಇನ್ನೂ ಆಳಕ್ಕೆ ಹೋದರು. ಸದಸ್ಯರು ದಡದಲ್ಲಿ ನಿಂತು "ಹೌದು ಹೌದು" ಎಂದರು.

ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಆ ಲೋಕ ಅವರನ್ನು ಹೊರಗೆ ದಬ್ಬುವುದು ಖಂಡಿತ. ದಬ್ಬಿಸಿಕೊಂಡ ದೊಡ್ಡ ಮನುಷ್ಯರು ತಿರುಗಿ ಬರುತ್ತಾರೆಯೇ? ಅಲ್ಲಿಗೆ ಪರಿಶೀಲನೆ ಮುಗಿಯಿತು, ನನ್ನ ತರಗತಿಯೂ ಮುಗಿಯಿತು. ನಾನು ಬರೆಯಲು ಕೂತೆ. "ಸರ್, ತಾವು ಅನ್ಯಥಾ ಭಾವಿಸದಿದ್ದರೆ, ಬಹುಶಃ ಸ್ವಲ್ಪ ಆ ಕಡೆ ತಿರುಗಿದರೆ ಒಳ್ಳೆಯದಾಗಬಹುದೇನೋ."

"ಯಾವ ಕಡೆ?" ಎಂದು ಅಧ್ಯಕ್ಷರು ಬರೆದರು. ಗುಳ್ಳೆಗಳು ಎದ್ದವು.

ನನ್ನೊಬ್ಬಳಿಗೆ ಮಾತ್ರ ಕಾಣುವ ಹಾಗೆ ಒಂದು ಸಾಲು ಬಂತು. ಬರೆದವನು ಘನವೆತ್ತ. "ಮೇಡಂ, ಇದೇ ವಾಕ್ಯ ನಾನು ಬರೆದಿದ್ದರೆ ನೀವು ನನಗೆ ಸೊನ್ನೆ ಕೊಡುತ್ತಿದ್ದಿರಿ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದರೆ ಇದೇ ಅಲ್ಲವೇ!

ನಾನು ಬರೆದದ್ದರ ಅರ್ಥ ಕೇಳಿ ತಿಳಿದುಕೊಂಡ ಅತ್ತೆ ಪಕ್ಕದಲ್ಲಿ ತಡೆಯಲಾರದೆ ಮೇಜು ಬಡಿದರು. "ಮುಳುಗ್ತಾ ಇರೋನಿಗೆ ಎಂಥಾ ಮರ್ಯಾದೆನೇ? ಎದ್ದು ಬಾರೋ ಅನ್ನು!"

"ಅತ್ತೆ, ಅವರು ಅಧ್ಯಕ್ಷರು!"

"ನೀರಿಗೆ ಗೊತ್ತೇನೇ ಅದು?"

ಆಗಿದ್ದಾಗಲಿ, ನೆಲಮಾಳಿಗೆಯಾದರೆ ನೆಲಮಾಳಿಗೆ ಎಂದು ಬರೆದೆ. "ನಿಲ್ಲಿ."

ಬೂದು ಸೂಟು ಗಕ್ಕನೆ ನಿಂತಿತು.

"ಹಳದಿ ದೀಪ ಕಾಣುತ್ತದೆಯೇ?"

"ಕಾಣುತ್ತದೆ."

"ಅದಕ್ಕೆ ಬೆನ್ನು ಹಾಕಿ. ನೇರ ನಡೆಯಿರಿ. ಕಾಲಿಗೆ ಮೆಟ್ಟಿಲು ತಗುಲಿದರೆ ಕೀಲಿಮಣೆಯ ಉದ್ದನೆಯ ಕೀಲಿ ಒತ್ತಿ ಹಿಡಿಯಿರಿ. ನಾನು ಹೇಳುವವರೆಗೆ ಬಿಡಬೇಡಿ."

ಮೊದಲು ತಲೆ ಬಂತು, ಆಮೇಲೆ ಟೈ, ಆಮೇಲೆ ಇಡೀ ಅಧ್ಯಕ್ಷರು. "ಬಿಡಿ" ಎಂದು ಬರೆದೆ. ಬಿಟ್ಟರು. ಸೂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಲೋಕ ಮಾಡಿದವರು ಅದನ್ನೂ ಮರೆತಿರಲಿಲ್ಲ ನೋಡಿ, ಪುಣ್ಯಾತ್ಮರು.

"ಕ್ಷಮಿಸಬೇಕು ಸರ್, ಮೇಡಂ ಅವರ ಭಾಷೆ ಸ್ವಲ್ಪ..." ಎಂದು ಸಾಹೇಬರು ಶುರು ಮಾಡಿದರು.

"ಅದನ್ನ ಬರೆದವರು ಯಾರು?" ಎಂದರು ಅಧ್ಯಕ್ಷರು.

"ನಾನು ಸರ್" ಎಂದೆ.

"ನನಗೆ ಯಾರಾದ್ರೂ 'ನಿಲ್ಲಿ' ಅಂತ ಹೇಳಿ ಯಾವ ಕಾಲ ಆಯ್ತೋ. ಇದನ್ನೇ ಏನು ನೀವು ಕಲಿಸೋದು?"

ನಾನು ಬಾಯಿ ತೆರೆಯುವ ಮೊದಲೇ ಸಾಲಿಗೆ ಸಾಲೇ ಎದ್ದು ನಿಂತು "ಹೌದು ಸರ್" ಎಂದು ಕೂಗಿತು. ತುಟಿ ಬಿಚ್ಚಬಾರದೆಂಬ ಆಜ್ಞೆ ಗಾಳಿಗೆ ಹೋಯಿತು. ಅಧ್ಯಕ್ಷರು "ಹಾಗಾದ್ರೆ ನಾನು ಇನ್ನೊಂದು ಸಲ ಹೋಗ್ತೀನಿ. ಈ ಸಲ ಮಕ್ಕಳು ಎತ್ತಲಿ" ಎಂದವರೇ ತಿರುಗಿ, ತಾವಾಗಿ, ಸೂಟಿನ ಸಮೇತ ಕೊಳಕ್ಕೆ ಹಾರಿದರು. ಅವರು ಹಾರಿದ್ದನ್ನು ನೋಡಿ ಇಬ್ಬರು ಸದಸ್ಯರೂ "ಹೌದು ಹೌದು" ಎನ್ನುತ್ತ ಹಾರಿದರು.

ಹುಡುಗರು ಮೂವರನ್ನೂ ಹಂಚಿಕೊಂಡರು. ಕುರ್ಚಿ ಒಬ್ಬರನ್ನು ಎತ್ತಿದ. ಬಾತುಕೋಳಿ ಇನ್ನೊಬ್ಬರನ್ನು ಮೊದಲು "ನಿಮ್ಮ ಮುಂದೆ ಏನು ಕಾಣುತ್ತಿದೆ?" ಎಂದು ಕೇಳಿ, ಆಮೇಲೆ "ನಿಮ್ಮ ಎಡಕ್ಕೆ" ಎಂದು ಬರೆದು ಎತ್ತಿದಳು. ಅಧ್ಯಕ್ಷರು ಘನವೆತ್ತನ ಪಾಲಿಗೆ ಬಂದರು. "ತಲೆ ಎತ್ತಿ ನೋಡಿ. ಬೆಳಕಿರುವ ಕಡೆಯಿಂದ ದೂರ ನಡೆಯಿರಿ. ಮೆಟ್ಟಿಲು ಬಂತು. ಹತ್ತಿ." ಒಂದೇ ಒಂದು ಗೌರವಾನ್ವಿತ ಇರಲಿಲ್ಲ. ನನ್ನ ಮಕ್ಕಳು ಇವರು, ಇವರನ್ನು ಬಿಟ್ಟು ಹೋಗೆಂದರೆ ಹೇಗೆ ಹೋಗಲಿ ಎನ್ನಿಸಿತು.

ದಡದ ಮೇಲೆ ನಿಂತು ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. ತೀರ್ಮಾನ ಹೇಳುವ ಹೊತ್ತು. ನಾನು ಅತ್ತೆಯ ಕೈ ಹಿಡಿದುಕೊಂಡೆ.

"ಬದಲಾಗುತ್ತಿರುವ ಶೈಕ್ಷಣಿಕ ಸನ್ನಿವೇಶದ ಹಿನ್ನೆಲೆಯಲ್ಲಿ, ಲಭ್ಯ ಸಂಪನ್ಮೂಲಗಳನ್ನು ಗಮನದಲ್ಲಿ ಇಟ್ಟುಕೊಂಡು, ಈ ತರಗತಿಯ ಮುಂದಿನ ಸ್ವರೂಪದ ಕುರಿತು ಸಕಾರಾತ್ಮಕವಾದ ಮರುಚಿಂತನೆಯ ಅಗತ್ಯವನ್ನು ಸಮಿತಿಯು ಮನಗಂಡಿದೆ."

ಸಾಹೇಬರು ಜೋರಾಗಿ ಚಪ್ಪಾಳೆ ತಟ್ಟಿದರು. ಸದಸ್ಯರು "ಹೌದು ಹೌದು" ಎಂದರು. ಬಾತುಕೋಳಿ ಕುಣಿದಳು, ಕುರ್ಚಿ "ಮುಚ್ಚಿಬಿಟ್ರಾ?" ಎಂದು ಅಳುದನಿಯಲ್ಲಿ ಕೇಳಿದ. ಯಾರಿಗೂ ಏನೂ ಅರ್ಥವಾಗಿರಲಿಲ್ಲ. ನಾನು ಇಂಥ ವಾಕ್ಯಗಳ ಮಧ್ಯೆಯೇ ಮುದುಕಿಯಾಗುತ್ತಿರುವವಳು, ನನಗೂ ಅರ್ಥವಾಗಲಿಲ್ಲ. ನನ್ನ ಕೋಪ ಮೂಗಿನ ತುದಿಗೆ ಬಂತು, ಭಯ ಎಲ್ಲಿಗೋ ಹೋಯಿತು.

"ಸರ್" ಎಂದೆ. "ಸೋಮವಾರ ಬೆಳಿಗ್ಗೆ ನಾನು ಎಲ್ಲಿಗೆ ಹೋಗ್ಬೇಕು? ತರಗತಿಗೋ, ಪರೀಕ್ಷಾ ವಿಭಾಗಕ್ಕೋ?"

"ಮೇಡಂ!" ಎಂದು ಸಾಹೇಬರು ಚೀರಿದರು.

ಅಧ್ಯಕ್ಷರು ಬರೆಯತೊಡಗಿದ್ದು ಕಂಡಿತು. ಉದ್ದನೆಯ ಸಾಲೊಂದು ಮೂಡಿತು. ಅದನ್ನು ಪೂರ್ತಿ ಅಳಿಸಿದರು. ಇನ್ನೊಂದು ಮೂಡಿತು, ಅದು ಮೊದಲಿನದಕ್ಕಿಂತ ಗಿಡ್ಡ. ಅದನ್ನೂ ಅಳಿಸಿದರು. ಇಡೀ ತರಗತಿ ಆ ಬೂದು ಸೂಟಿನ ತಲೆಯ ಮೇಲಿನ ಖಾಲಿ ಜಾಗವನ್ನೇ ನೋಡುತ್ತಿತ್ತು. ಕೊನೆಗೆ ಒಂದೇ ಪದ ಬಂತು.

"ತರಗತಿಗೆ."

ನನಗೆ ಅಳು ಬಂತು. ಸುಮ್ಮನೆ ಕಣ್ಣು ಒದ್ದೆಯಾಗುವ ಅಳುವಲ್ಲ, ಮೂಗು ಸೋರುವ ಅಳು. ಪರದೆಯಲ್ಲಿ ನನ್ನ ಗೊಂಬೆ ಮಾತ್ರ ನೆಟ್ಟಗೆ ನಿಂತಿತ್ತು.

ಇಂಗ್ಲಿಷ್ ಬಾರದ ಅತ್ತೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಏನಂತಾನೆ ಅವನು? ಏನ್ ಬರೆದ? ಹೇಳೇ!"

"ತರಗತಿಗೆ ಹೋಗು ಅಂದ್ರು ಅತ್ತೆ."

ಅತ್ತೆ ಬಟ್ಟಲನ್ನು ಮಡಿಲಿಗೆ ಎಳೆದುಕೊಂಡು ಇನ್ನೊಂದು ಬಟಾಣಿ ಬಿಡಿಸಿದರು. "ಇಷ್ಟು ಹೇಳೋಕೆ ಅವನು ಎರಡು ಸಲ ನೀರಿಗೆ ಬೀಳಬೇಕಿತ್ತೇನೇ?"